ಜೊಳ್ಳು ತೆನೆಯ ಹಸಿರು

ನಕ್ಷೆ ಕೋಣೆಯಿಂದ,
ಸೆಪ್ಟೆಂಬರ್ ಹದಿನಾಲ್ಕು, ಬುಧವಾರ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಆ ಒಣಕೆಮ್ಮು ನಿಂತಿತೆ, ಇಲ್ಲ ಈಗಲೂ ಬದುವಿನ ಮೇಲೆ ಕೂತು ಕೆಮ್ಮುತ್ತಲೇ ತೂಕ ಬರೆದುಕೊಳ್ಳುತ್ತೀಯ? ಅತ್ತಿಗೆಗೆ ರಾತ್ರಿ ನಿದ್ದೆ ಬರುತ್ತಿದೆಯೆ? ಪಾಠ ಮಾಡಲು ಮತ್ತೆ ಶಾಲೆಗೆ ಹೋಗುತ್ತಿದ್ದಾಳೆಂದು ಅಮ್ಮ ಹೇಳಿದಳು. ಅಮ್ಮ ನನ್ನ ಜೊತೆ ಚೆನ್ನಾಗಿಯೇ ಇದ್ದಾಳೆ. ಮಂಡಿ ನೋವು ಬಂದಾಗ ಮಾತ್ರ ನಮ್ಮಿಬ್ಬರನ್ನೂ ಸೇರಿಸಿ ಬೈಯುತ್ತಾಳೆ. ಅಣ್ಣತಂಗಿ ಒಟ್ಟಿಗಿರುವುದು ಈಗ ಆ ಬೈಗುಳದಲ್ಲಷ್ಟೇ. ಏಳು ತಿಂಗಳಿಂದ ನೀನು ನನ್ನ ಫೋನ್ ಎತ್ತಿಲ್ಲ. ಎತ್ತು ಎಂದು ಕೇಳುವ ಮುಖವೂ ನನಗಿಲ್ಲ, ಅದಕ್ಕೇ ಈ ಕಾಗದ.

ಹೋದ ವರ್ಷದ ತಪ್ಪನ್ನು ನಿನ್ನೆದುರು ನಾನು ಪೂರ್ತಿ ಒಪ್ಪಿಕೊಂಡೇ ಇಲ್ಲ. ನೀನು ಕಣಿವೆಯಲ್ಲಿ ಹೊಲದಿಂದ ಹೊಲಕ್ಕೆ ನಡೆದು, ಐದು ಹೆಜ್ಜೆ ಚೌಕದ ಪೈರು ಕೊಯ್ದು, ಬಡಿದು, ತೂಗಿ, ‘ತೆನೆಯೆಲ್ಲ ಜೊಳ್ಳು, ಅರ್ಧ ಬೆಳೆಯೂ ಇಲ್ಲ’ ಎಂದು ನಮ್ಮ ಕಚೇರಿಗೆ ಬರೆದು ಕಳಿಸಿದೆ. ಅದೇ ವಾರ ನಾನು ಈ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು ಉಪಗ್ರಹ ತೆಗೆದ ಚಿತ್ರಗಳನ್ನು ಜೋಡಿಸುತ್ತಿದ್ದೆ. ಇಡೀ ಬೆಳೆಗಾಲ ಕಣಿವೆ ದಟ್ಟ ಹಸಿರು. ಬೆಳೆ ಚೆನ್ನಾಗಿದೆ ಎಂದು ನನ್ನ ಲೆಕ್ಕ ಹೇಳಿತು. ಮೇಲಧಿಕಾರಿ ಎರಡೂ ಕಾಗದ ಮುಂದಿಟ್ಟುಕೊಂಡು ಕರೆದರು. “ನಿಮ್ಮಣ್ಣ ನೋಡಿರೋದು ನಲವತ್ತು ಹೊಲ, ನೀನು ನೋಡಿರೋದು ನಲವತ್ತು ಸಾವಿರ. ಯಾರ ಮಾತು ಕೇಳ್ಲಮ್ಮ?” ಅಂದರು. ನಾನು ನಗುತ್ತಾ, “ಅಣ್ಣ ಚಿಕ್ಕಂದಿನಿಂದ್ಲೂ ಸ್ವಲ್ಪ ಪುಕ್ಕಲ ಸಾರ್” ಅಂದೆ. ಆ ಮಾತಿನ ಮೇಲೆ ಅವರು ನನ್ನ ಲೆಕ್ಕಕ್ಕೇ ಸಹಿ ಹಾಕಿದರು.

ಕಣಿವೆಗೆ ಹೊರಡಬೇಕಿದ್ದ ಧಾನ್ಯದ ಲಾರಿಗಳು ಬೇರೆ ಕಡೆ ಹೋದವು. ಡಿಸೆಂಬರಿನಲ್ಲಿ ಹಿಮ ಬಿದ್ದು ರಸ್ತೆ ಮುಚ್ಚಿತು. ಆಮೇಲೆ ನೀನು ಎಷ್ಟು ಗೋಗರೆದರೂ ಒಂದು ಚೀಲವೂ ಮೇಲೆ ಹತ್ತಲಿಲ್ಲ. ಅತ್ತಿಗೆ ಬಸುರಿಯಾಗಿದ್ದೂ ತನ್ನ ಪಾಲನ್ನು ಶಾಲೆಯ ಮಕ್ಕಳ ಜೊತೆ ಹಂಚಿಕೊಂಡು ಒಂದೇ ಹೊತ್ತು ಉಣ್ಣುತ್ತಿದ್ದಳಂತೆ. ಅಮ್ಮನಿಗೆ ಅದು ಗೊತ್ತಾದದ್ದು ತೀರಾ ತಡವಾಗಿ. ಫೆಬ್ರವರಿಯಲ್ಲಿ ಮಗು ಹುಟ್ಟಿತು, ಎರಡು ದಿನ ಇತ್ತು. ನೀನು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: “ಗುಬ್ಬೀ, ಒಂದೂವರೆ ಕೇಜಿನೂ ಇರ್ಲಿಲ್ಲ ಕಣೇ.” ಬಾಯಿಗೆ ಬಂದಹಾಗೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಬೇಸಿಗೆಯಲ್ಲಿ ಹಳೆಯ ಚಿತ್ರಗಳನ್ನೆಲ್ಲ ಮತ್ತೆ ತೆಗೆದೆ. ನಮ್ಮ ಉಪಗ್ರಹ ಹಸಿರನ್ನಷ್ಟೇ ಅಲ್ಲ, ನೆಲದ ಬಿಸಿಯನ್ನೂ ಅಳೆಯುತ್ತದೆ. ಹೂ ಬಿಡುವ ಎಂಟು ದಿನ ಕಣಿವೆಯ ಪೈರಿಗೆ ಜ್ವರ ಬಂದ ಹಾಗೆ ಮೈ ಸುಡುತ್ತಿತ್ತು. ಹಿಂದಿನ ಇಪ್ಪತ್ತು ವರ್ಷಗಳಲ್ಲಿ ಅಲ್ಲಿ ಅಂಥ ಸೆಕೆ ಒಮ್ಮೆಯೂ ಬಂದಿರಲಿಲ್ಲ, ಹಾಗಾಗಿ ಆ ಕಡತ ತೆರೆಯುವ ಅಭ್ಯಾಸವೇ ನಮಗಿರಲಿಲ್ಲ. ಎಲೆ ಹಸಿರಾಗಿಯೇ ಉಳಿಯಿತು, ಪರಾಗ ಸುಟ್ಟುಹೋಗಿ ಕಾಳು ಕಟ್ಟಲಿಲ್ಲ. ಎಲ್ಲ ಇದೇ ಕಂಪ್ಯೂಟರಿನೊಳಗೆ ಬಿದ್ದಿತ್ತು ಅಣ್ಣಾ, ನಾನು ತೆರೆದು ನೋಡಲಿಲ್ಲ. ಮೊನ್ನೆ ತಪ್ಪು ನನ್ನದೆಂದೇ ವರದಿ ಬರೆದುಕೊಟ್ಟೆ. “ಯಂತ್ರದ ದೋಷ ಅಂತ ಬರೀಮ್ಮ, ಎಲ್ರೂ ಉಳ್ಕೋತೀವಿ” ಎಂದು ಮೇಲಧಿಕಾರಿ ಕೇಳಿಕೊಂಡರು. ಆಗಲ್ಲ ಅಂದೆ. ಕೆಲಸ ಇನ್ನೆಷ್ಟು ದಿನವೋ ತಿಳಿಯದು. ಇದರಿಂದ ಮಗು ತಿರುಗಿ ಬರುವುದಿಲ್ಲ, ಅದೂ ಗೊತ್ತು.

ಅತ್ತಿಗೆಗೆ ನನ್ನ ನಮಸ್ಕಾರ ತಲುಪಿಸು. ನನ್ನ ಹೆಸರೆತ್ತಿದರೆ ನೋವಾಗುತ್ತದೆ ಅನ್ನಿಸಿದರೆ ಸುಮ್ಮನಿದ್ದುಬಿಡು. ಎದೆ ಬೆಚ್ಚಗಿಟ್ಟುಕೋ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ನಿನ್ನೆಯ ಚಿತ್ರ ಬಂತು. ಈ ಸಲವೂ ಹೂ ಬಿಡುವ ಹೊತ್ತಿಗೇ ಐದು ದಿನದಿಂದ ಕಣಿವೆ ಕಾದು ಕೆಂಡವಾಗಿದೆ, ಹೋದ ವರ್ಷಕ್ಕಿಂತ ಹೆಚ್ಚು. ಇಲ್ಲಿ ಕಾಗದ ಮೇಜಿನಿಂದ ಮೇಜಿಗೆ ಹೋಗಲು ಮೂರು ತಿಂಗಳು ಬೇಕು, ಅಷ್ಟರಲ್ಲಿ ರಸ್ತೆ ಮುಚ್ಚುತ್ತದೆ. ಚಿತ್ರದ ಪ್ರತಿಗೆ ಸಹಿ ಹಾಕಿ ಇದರೊಳಗಿಟ್ಟಿದ್ದೇನೆ. ಇನ್ನೊಂದು ವಾರಕ್ಕೆ ತೆನೆ ಹಿಸುಕಿ ನೋಡು. ಹಾಲು ಬರದೆ ಕಾಳು ಕಟ್ಟಿಲ್ಲವೆಂದು ಕಂಡರೆ ಚಿತ್ರವನ್ನೂ ತೆನೆಯನ್ನೂ ಹಿಡಿದು ಧಾನ್ಯದ ಉಗ್ರಾಣಕ್ಕೆ ನೀನೇ ಹೋಗು, ಲಾರಿ ಹೊರಡುವ ತನಕ ಅಲ್ಲಿಂದ ಏಳಬೇಡ. ಕಣಿವೆಗೆ ಹೊರಟ ಜೀಪಿನ ಡ್ರೈವರ್ ಹಾರ್ನ್ ಹೊಡೆಯುತ್ತಿದ್ದಾನೆ. ನನ್ನೊಡನೆ ಮಾತಾಡದಿದ್ದರೂ ಸರಿ ಅಣ್ಣಾ, ಆ ಉಗ್ರಾಣದವರೊಡನೆ ಮಾತಾಡು.