ಬೇಡ ಅಂದ್ರೆ ಬೇಡ

ಡರ್ಹಮ್, ಇಂಗ್ಲೆಂಡ್
ಫೆಬ್ರವರಿ 9

ಅಮ್ಮಾ,

ವಿಶ್ವವಿದ್ಯಾಲಯದಲ್ಲಿ ನನ್ನ ಓದು ಸರಿಯಾಗಿ ನಡೀತಿದೆ.

ಬಂದ ಹೊಸದರಲ್ಲಿ ಮನೆಯೊಡತಿ ಮಿಸೆಸ್ ಪಿಕರಿಂಗ್ ಚಹಾ ಬೇಕಾ ಅಂದರು. ನಮ್ಮೂರು ಶಿರಾಜ್‌ನಲ್ಲಿ ಮಾಡೋ ಹಾಗೆ ಮರ್ಯಾದೆಗೆ ಮೊದಲು ಬೇಡ ಅಂದು, ಇನ್ನೆರಡು ಸಲ ಕೇಳಲಿ ಅಂತ ಕಾದೆ. ಅವರು ಕೆಟಲ್ ಎತ್ತಿಟ್ಟುಬಿಟ್ಟರು. ಆಮೇಲೆ ವಿಷಯ ತಿಳಿದು ನಕ್ಕರು. “ಇಲ್ಲಿ ಬೇಡ ಅಂದ್ರೆ ಬೇಡ ಕಣಮ್ಮ. ಮತ್ತೆ ಮತ್ತೆ ಕೇಳಿದ್ರೆ ಪೀಡಿಸಿದ ಹಾಗೆ.” ಕಲಿತುಕೊಂಡೆ.

ಮೊನ್ನೆ ಬೆಳಗ್ಗೆ ಅವರು ಎದೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತಿದ್ದರು. ಡಾಕ್ಟರನ್ನ ಕರೀಲಾ ಅಂದೆ. “ಬೇಡ, ನಿನಗ್ಯಾಕೆ ತೊಂದರೆ.” ಒಂದೇ ಸಲ ಕೇಳಿ ಪಾಠಕ್ಕೆ ಹೋದೆ. ಸಂಜೆ ಬರುವಷ್ಟರಲ್ಲಿ ತೀರಿಕೊಂಡಿದ್ದರು.

ನಿನ್ನ ಎದೆನೋವು ಹೇಗಿದೆ? ಏನೂ ಇಲ್ಲ ಅಂತ ಹೋದ ಪತ್ರದಲ್ಲಿ ಬರೆದಿದ್ದೀಯ. ಇದು ನಾನು ಎರಡನೇ ಸಲ ಕೇಳ್ತಿರೋದು.

ನಿನ್ನ
ತರಾನೆ