ಬುಧವಾರದ ಉಪವಾಸ

8 ಜುಲೈ 2025, ಮಂಗಳವಾರ
ಮೂರು ಪಿರಿಯಡ್. ಆಮೇಲೆ ಮತ್ತೆ ಅದೇ ಫೈಲು. ಕಾಲೇಜಿಗೆ ತಪಾಸಣಾ ಸಮಿತಿ ಬರುವುದು ಇಪ್ಪತ್ತೊಂದಕ್ಕೆ. ನಮ್ಮ ಮೂವರ ತಂಡಕ್ಕೆ ನಾನೇ ಮುಖ್ಯಸ್ಥೆ. ಕಾಮರ್ಸಿನ ಶೀತಲ ತನ್ನ ಭಾಗ ಮುಗಿಸಿದ್ದಾಳೆ. ಲೈಬ್ರರಿಯನ್ ಸ್ನೇಹಲ್ ಕೊಟ್ಟ ಪಟ್ಟಿ ಮಾತ್ರ ಹಳೇ ನಮೂನೆಯಲ್ಲಿದೆ. ಎಲ್ಲ ಮೊದಲಿಂದ ಮಾಡಬೇಕು.
"ಆಕಿ ಯಾರ ಕೂಡನೂ ಬೆರೆಯಂಗಿಲ್ಲ ಬಿಡ್ರಿ ಅಕ್ಕಾರ," ಅಂದಳು ಶೀತಲ. "ಪುಸ್ತಕದ ಕಪಾಟಿನ ಕೂಡ ಸಂಸಾರ ಹೂಡ್ಯಾಳ."
ನಕ್ಕೆವು. ಅವಳ ಗುತ್ತಿಗೆ ಮುಂದುವರಿಸಬೇಕೇ ಎಂದು ಪ್ರಿನ್ಸಿಪಾಲರು ನನ್ನ ಅಭಿಪ್ರಾಯ ಕೇಳಿದ್ದರು. ಬರೆದುಕೊಟ್ಟೆ — ತಂಡದೊಂದಿಗೆ ಬೆರೆಯುವ ಗುಣವಿಲ್ಲ.

10 ಜುಲೈ, ಸಂಜೆ
ಲೈಬ್ರರಿಗೆ ಹೋಗಿ ಸ್ನೇಹಲ್‌ಳನ್ನು ಕೇಳಿದೆ, ನಮೂನೆ ಬದಲಾದದ್ದು ಗೊತ್ತಿರಲಿಲ್ಲವೇ ಎಂದು.
"ಯಾರ ಹೇಳ್ಯಾರ್ರಿ ನನಗ?"
"ಅವತ್ತ ಊಟಕ್ಕ ಕುಂತಾಗ ಮಾತಾತಲ್ಲ."
"ಊಟಕ್ಕ ನಾ ಎಲ್ಲಿ ಇರತೇನ್ರಿ, ಮೇಡಮ್‌ರ?"
ಹೌದು. ನಮ್ಮ ಮೀಟಿಂಗ್ ಎಲ್ಲ ಆಗುವುದು ಸ್ಟಾಫ್‌ರೂಮಿನ ಊಟದಲ್ಲೇ. ಡಬ್ಬಿಗಳನ್ನು ನಡುವೆ ಇಟ್ಟು, ಪಲ್ಯ ಹಂಚಿಕೊಳ್ಳುತ್ತ, ಕೆಲಸವನ್ನೂ ಹಂಚಿಕೊಳ್ಳುತ್ತೇವೆ.
"ನೀವೂ ಬರಬೇಕಿಲ್ಲೋ?"
"ಬಂದಿದ್ನಲ್ರಿ. ಒಂದ ದಿನ. ಝುಣಕಾ ತಂದಿದ್ದೆ." ಕಂಪ್ಯೂಟರಿನಿಂದ ಕಣ್ಣೆತ್ತಲಿಲ್ಲ. "ನಿಮ್ಮದು ಉಪಾಸ ಇತ್ತರಿ ಅವತ್ತ."

11 ಜುಲೈ, ಬೆಳಿಗ್ಗೆ 6
ಹಳೆಯ ಡೈರಿ ತೆಗೆದೆ. ನನ್ನದೇ ಅಕ್ಷರ.
"5 ಜುಲೈ 2023, ಬುಧವಾರ. ಹೊಸ ಲೈಬ್ರರಿಯನ್ ಬಂದಳು. ಹೂಲಿಯವಳು. ಯಾವ ಓಣಿ ಅಂತ ಶೀತಲ ಕೇಳಿಯೇ ಬಿಟ್ಟಳು. ಅವಳೂ ಹೇಳಿದಳು. ಆಮೇಲೆ ಅವಳ ಡಬ್ಬಿಗೆ ಕೈಹಾಕಲು ಎಲ್ಲರಿಗೂ ಸಂಕೋಚ. ನಾನು ಉಪವಾಸ ಅಂದುಬಿಟ್ಟೆ. ಅವಳು ಹೋದ ಮೇಲೆ ತಿಂದ ಶೀತಲಳ ಸಿಹಿ ಮಾದೇಲಿ ಚೆನ್ನಾಗಿತ್ತು."
ಅಷ್ಟೇ. ಅದರ ಕೆಳಗೆ, ಸಮಾನತೆಯ ಒಂದು ಕವಿತೆ ಓದಿ ಕಣ್ಣು ತುಂಬಿ ಬಂದ ಬಗ್ಗೆ ಒಂದು ಪುಟ.
ನಾನು ಉಪವಾಸ ಮಾಡುವುದು ಸೋಮವಾರ. ಕಾಲೇಜಿಗೆಲ್ಲ ಗೊತ್ತು. ಅವಳಿಗೂ ಯಾವಾಗಲೋ ಗೊತ್ತಾಗಿರುತ್ತದೆ... ಎರಡು ವರ್ಷದಲ್ಲಿ ಎಷ್ಟು ಸೋಮವಾರ.
ಇವತ್ತು ಪಾಠ ಆಗಲಿಕ್ಕಿಲ್ಲ. ಹಾಜರಿ ಕರೆದು ಬರುತ್ತೇನೆ.

14 ಜುಲೈ, ಸೋಮವಾರ
ಬರೆದುಕೊಟ್ಟದ್ದನ್ನು ವಾಪಸು ಕೇಳಿದೆ.
"ಮ್ಯಾನೇಜ್‌ಮೆಂಟಿಗೆ ಹೋತಲ್ರಿ," ಅಂದರು ಪ್ರಿನ್ಸಿಪಾಲರು. "ಬುಧವಾರ ಮೀಟಿಂಗ್ ಐತಿ. ಬದಲ ಮಾಡೂದಿದ್ರ ಬರದ ಕೊಡ್ರಿ. ಕಾರಣ ಸಹಿತ."
ಕಾರಣ ಸಹಿತ.

15 ಜುಲೈ
ಮಧ್ಯಾಹ್ನ ನನ್ನ ಡಬ್ಬಿ ಹಿಡಿದು ಲೈಬ್ರರಿಗೆ ಹೋದೆ. ಸ್ನೇಹಲ್ ಊಟಕ್ಕೆ ಕೂತಿದ್ದಳು. ರೊಟ್ಟಿ, ಹೆಸರುಕಾಳಿನ ಪಲ್ಯ. ಎದುರಿಗೆ ಕುಳಿತು, "ನನಗೂ ಒಂಚೂರ ಹಾಕ್ರಿ" ಅಂದೆ.
ಡಬ್ಬಿಗೆ ಮುಚ್ಚಳ ಹಾಕಿದಳು. ಸಿಟ್ಟೇನೂ ಕಾಣಲಿಲ್ಲ.
"ಇವತ್ತ ನಂದು ಉಪಾಸ್ರಿ, ಮೇಡಮ್‌ರ."
ಅವಳ ಕೈಯಲ್ಲಿ ಅರ್ಧ ತಿಂದ ರೊಟ್ಟಿ ಇತ್ತು.

16 ಜುಲೈ, ಬುಧವಾರ, ಬೆಳಿಗ್ಗೆ
ಹನ್ನೊಂದಕ್ಕೆ ಮೀಟಿಂಗ್. ಮೂರು ಹಾಳೆ ಹರಿದೆ. ಒಂದರಲ್ಲಿ "ಕೆಲವು ಸಿಬ್ಬಂದಿ" ಎಂದಿತ್ತು. ಇನ್ನೊಂದರಲ್ಲಿ "ಸಂವಹನದ ಕೊರತೆ". ಮತ್ತೊಂದರಲ್ಲಿ "ನಮ್ಮಿಂದ". ಎಂ.ಎ. ಓದಿದವಳಿಗೆ ಅಡಗಿಕೊಳ್ಳಲು ಎಷ್ಟೊಂದು ಪದ.
ನಾಲ್ಕನೆಯದು —
"ಮಾನ್ಯರೆ, ಸ್ನೇಹಲ್ ಅವರು ಬೆರೆಯುವುದಿಲ್ಲ ಎಂದು ನಾನು ಬರೆದದ್ದು ಸುಳ್ಳು. 5 ಜುಲೈ 2023ರಂದು ಅವರು ತಮ್ಮ ಊಟದ ಡಬ್ಬಿಯನ್ನು ನಮ್ಮ ನಡುವೆ ತಂದಿಟ್ಟಾಗ, ನಾನು —