ಮೂರನೇ ಟೇಕ್ ತೆಗಿ

ಜೂನ್ 4, ಬುಧವಾರ

ಇವತ್ತೂ ಎಲ್ಲರಿಗಿಂತ ಮುಂಚೆ ಬಂದೆ. ಮೆಟ್ರೋ ತಪ್ಪಿದರೆ ಎಂಬ ಹೆದರಿಕೆಗೆ ಗರುಡಾಚಾರ್‌ಪಾಳ್ಯದಿಂದ ಬೇಗ ಹೊರಡುವುದು, ಕುಕ್ ಟೌನ್‌ಗೆ ಬಂದು ಸ್ಟುಡಿಯೋ ಗೇಟಿನ ಹೊರಗೆ ಕಾಯುವುದು. ಎದುರು ಬಂಗಲೆಯ ನಾಯಿಗೆ ನನ್ನ ಗುರುತಾಗಿದೆ, ಬೊಗಳುವುದಿಲ್ಲ.

ಕೇಬಲ್ ಸುತ್ತುವುದು ಬಂತು. ಮೊಣಕೈಗೆ ಸುತ್ತಬಾರದು, ಒಳಗಿನ ತಂತಿ ತಿರುಚಿಕೊಳ್ಳುತ್ತದೆ. ಶೌಕತ್ ಸರ್ ಮೊದಲ ದಿನವೇ ಬೈದಿದ್ದರು. ಸ್ಟುಡಿಯೋ ಅವರದೇ. ಅರ್ಧ ಮಾತು ಹೇಳಿ, ಉಳಿದದ್ದು ನಮಗೆ ಗೊತ್ತಿರಬೇಕು ಎಂಬಂತೆ ತಿರುಗಿಬಿಡುತ್ತಾರೆ. ಮತ್ತೆ ಕೇಳಲು ಭಯ. ಎಂಟನೇ ಕ್ಲಾಸಿಗೆ ಯಾದಗಿರಿಯಲ್ಲಿ ಶಾಲೆ ಬಿಟ್ಟವಳು, ಹತ್ತನೆಯದನ್ನು ಮನೆಯಿಂದಲೇ ಕಟ್ಟಿ ಪಾಸಾದವಳು... ಇಷ್ಟೂ ಗೊತ್ತಿಲ್ಲವಾ ಅಂದುಕೊಂಡರೆ?

ಕೆ.ಆರ್. ಪುರದ ಟ್ರೈನಿಂಗ್ ಸೆಂಟರ್‌ನವರು ಹೇಳಿದ್ದಾರೆ: ತಿಂಗಳು ಪೂರ್ತಿ ಮಾಡಿ, ಸರ್ ಒಪ್ಪಿದರೆ ಸೌಂಡ್ ಕೋರ್ಸ್ ಪಾಸು. ನಡುವೆ ಕಳಿಸಿಬಿಟ್ಟರೆ ಇಲ್ಲ. ಆಗ ಅವ್ವನ ಜೊತೆ ಹೌಸ್‌ಕೀಪಿಂಗ್. ಅದು ಕೀಳಲ್ಲ. ಆದರೆ ನನಗೆ ಇದು ಬೇಕು. ಪೂರ್ತಿ ಮಾಡೇ ಮಾಡುತ್ತೇನೆ.

ಜೂನ್ 9, ಸೋಮವಾರ

ಮಾರಿಯಾ ಆಂಟಿ ಬಂದು ಹಾಡಿದರು. ಕಾಕ್ಸ್ ಟೌನಿನವರು, ಚರ್ಚಿನ ಕ್ವಾಯರ್ ನಡೆಸುತ್ತಾರೆ. ಹಬ್ಬಕ್ಕೆ ಹೊಸ ಕನ್ನಡ ಹಾಡು. ಮುಂದಿನ ಹಲ್ಲುಗಳು ಅಲ್ಲಾಡುತ್ತಿವೆ, ಶುಕ್ರವಾರ ಕೀಳಿಸುತ್ತಾರಂತೆ.

"ಆಮೇಲೆ ನಾನು 'ಸ' ಅಂದ್ರೆ ಪ್ರೆಶರ್ ಕುಕ್ಕರ್ ಕಣಮ್ಮಾ. ಈಗ್ಲೇ ಹಿಡ್ಕೊಳ್ಳಿ."

ಚರಣದ ಕೊನೆಯ ಮೇಲಿನ ಸ್ವರ ಎರಡು ಸಲ ಒಡೆಯಿತು. ಮೂರನೇ ಸಲ, ಮೂರನೇ ಟೇಕಿನಲ್ಲಿ, ಬಂತು. ಮೈ ಜುಂ ಅಂದಿತು. ಸರ್ ಕೂಡ ಕುರ್ಚಿ ತಿರುಗಿಸುವುದನ್ನು ನಿಲ್ಲಿಸಿದರು. ಅಷ್ಟರಲ್ಲಿ ಕರೆಂಟ್ ಹೋಯಿತು. ಹಾಡು ಕಂಪ್ಯೂಟರಿನಲ್ಲಿ ಉಳಿದಿದೆ, ಇನ್ನೊಂದು ಕಾಪಿ ನಾಳೆ ಮಾಡೋಣ ಎಂದು ಬಾಗಿಲು ಹಾಕಿದೆವು.

ಜೂನ್ 10, ಮಂಗಳವಾರ

ಅಳಿಸಿಬಿಟ್ಟೆ. ಬರೆಯಲು ಕೈ ಬರುತ್ತಿಲ್ಲ.

ಜೂನ್ 11, ಬುಧವಾರ

ಸರಿಯಾಗಿ ಬರೆಯಬೇಕು. ಇಲ್ಲದಿದ್ದರೆ ತಲೆಯಲ್ಲೇ ಸುತ್ತುತ್ತದೆ.

ನಿನ್ನೆ ಸರ್ ಫೋನ್ ಕಿವಿಗಿಟ್ಟುಕೊಂಡೇ ಬಾಗಿಲಿನಿಂದ ಹೇಳಿದರು: "ಪ್ರಿಯಾ, ಮಾರಿಯಾ ಅವರ್ದು ಮೂರನೇ ಟೇಕ್ ತೆಗಿ. ಬಂದೆ."

ತೆಗಿ. ಅವರು ಹೇಳಿದ್ದು ಓಪನ್ ಮಾಡಿಡು ಎಂದು. ನಾನು ತಿಳಿದದ್ದು ತೆಗೆದುಹಾಕು ಎಂದು. ಬಾಗಿಲನ್ನೂ ತೆಗಿ ಅನ್ನುತ್ತೇವೆ, ಕಸವನ್ನೂ ತೆಗಿ ಅನ್ನುತ್ತೇವೆ. ಅಷ್ಟು ಚೆನ್ನಾಗಿ ಬಂದದ್ದನ್ನು ಯಾಕೆ ಎಂದು ಮನಸ್ಸಿಗೆ ಬಂತು. ಬಂದರೂ ಕೇಳಲಿಲ್ಲ. ಕಂಪ್ಯೂಟರ್ ಇಂಗ್ಲಿಷಿನಲ್ಲಿ ಏನೋ ಕೇಳಿತು, ಡಿಸ್ಕಿನಿಂದಲೂ ಅಳಿಸಲೇ ಎಂದಿರಬೇಕು. ಯೆಸ್ ಒತ್ತಿದೆ.

ಸರ್ ಬಂದು ಕೂತರು.

"ಎಲ್ಲಿ?"

"ತೆಗೆದೆ ಸರ್."

"ತೆಗೆದ್ಯಲ್ಲ, ಎಲ್ಲಿ?"

"ತೆಗೆದ್ಬಿಟ್ಟೆ ಸರ್."

"ಹೌದಮ್ಮಾ, ತೆಗೆದಿದ್ದು ತೋರ್ಸು!"

ಸ್ವಲ್ಪ ಹೊತ್ತು ಹೀಗೇ ನಡೆಯಿತು. ಆಮೇಲೆ ಅವರಿಗೆ ಅರ್ಥವಾಯಿತು. "ಯಾ ಅಲ್ಲಾ" ಅಂದರು, ಅಷ್ಟೇ. ಕೂಗಿದ್ದರೆ ಚೆನ್ನಾಗಿತ್ತು.

ಇವತ್ತು ದಿನವಿಡೀ ರಿಕವರಿ ಸಾಫ್ಟ್‌ವೇರ್ ಓಡಿಸಿದರು. ಸಿಕ್ಕಿದ್ದು ಬರೀ ಕರಕರ ಶಬ್ದ.

"ಸೆಂಟರ್‌ಗೆ ಫೋನ್ ಮಾಡ್ತೀನಿ. ನೀನು ನಾಳೆಯಿಂದ..."

ಈ ಸಲ ಉಳಿದರ್ಧ ತಾನಾಗಿಯೇ ತಿಳಿಯಿತು. ಆದರೂ ಹೇಳಿದೆ: "ಸರ್, ಮಾರಿಯಾ ಆಂಟೀನ ನಾನು ಕರ್ಕೊಂಡ್ ಬರ್ತೀನಿ. ಹಲ್ಲು ಕೀಳ್ಸೋಕ್ ಮುಂಚೆ."

"ಬರಲ್ಲ ಅವ್ರು. ಫೋನ್ ಮಾಡಿ ಬೈಸ್ಕೊಂಡಾಯ್ತು ನಾನು."

"ಮನೆಗೇ ಹೋಗಿ ಕೇಳ್ತೀನಿ ಸರ್."

"ಕೇಳು ಹೋಗು. ಶುಕ್ರವಾರ ಆ ಹಾಡು ಸಿಕ್ರೆ ಇರು. ಇಲ್ಲಾಂದ್ರೆ ನಕ್ಕೋ, ಬರೋದೇ ಬೇಡ."

ರಾತ್ರಿ ಮನೆಯಲ್ಲಿ ಅವ್ವ ತಟ್ಟೆ ನೋಡಿ, "ಯಾಕ ಉಣವಲ್ಲಿ?" ಅಂದಳು. ಹೇಳಿದೆ. "ತೆಗಿ ಅಂದ್ರು, ತೆಗದಿ. ನಿಂದೇನ್ ತಪ್ಪದ?" ಅವ್ವನಿಗೂ ಹಾಗೇ ಅರ್ಥವಾಗಿದೆ. ಆದರೂ ಅನ್ನ ಇಳಿಯಲಿಲ್ಲ.

ಜೂನ್ 12, ಗುರುವಾರ

ಕಾಕ್ಸ್ ಟೌನಿನ ದಾರಿಯುದ್ದಕ್ಕೂ ಮಾತು ಉರು ಹೊಡೆದೆ. ಮಾರಿಯಾ ಆಂಟಿ ಬಾಗಿಲು ತೆರೆದ ಕೂಡಲೇ ಎಲ್ಲ ಮರೆತುಹೋಯಿತು.

"ಯಾರು? ಓ, ಡಿಲೀಟ್ ಹುಡ್ಗಿ."

"ಆಂಟಿ, ಸರ್ ತಪ್ಪಿಲ್ಲ. ಕೇಳ್ದೆ ಅಳ್ಸಿದ್ದು ನಾನು. ಇನ್ನೊಂದ್ ಸಲ ಹಾಡ್ಕೊಡಿ."

"ನಿಂಗೇನಮ್ಮಾ, ಬಟನ್ ಒತ್ತೋದು. ನನ್ ಗಂಟ್ಲೇನು ಬಟನ್ನಾ? ಆ ಸ್ವರ ಹಂಗೆ ಬಂದು ಎಷ್ಟ್ ವರ್ಷ ಆಗಿತ್ತು ಗೊತ್ತಾ? ಹೋಗು."

ಬಾಗಿಲು ಹಾಕಿಕೊಂಡರು. ಹೋಗಲಿಲ್ಲ. ಮೆಟ್ಟಿಲ ಮೇಲೇ ನಿಂತೆ. ಕಿಟಕಿಯಲ್ಲಿ ಕಂಡರು. ಬನ್ನನ್ನು ಚಹಾದಲ್ಲಿ ನೆನೆಸಿ ಪಕ್ಕದ ಹಲ್ಲಿನಿಂದ ತಿನ್ನುತ್ತಿದ್ದರು.

"ಇನ್ನೂ ಇದ್ದೀಯಾ?"

"ಇದ್ದೀನಿ ಆಂಟಿ."

ಬನ್ ಮುಗಿಯಿತು. ಕಪ್ಪು ತೊಳೆದ ಸದ್ದು. ಮತ್ತೆ ಬಂದು ನೋಡಿದರು.

"ಅಯ್ಯೋ ಸಾಮಿ! ನಾಳೆ ಹನ್ನೊಂದಕ್ಕೆ ಡೆಂಟಿಸ್ಟ್. ಎಂಟಕ್ಕೆ ಬರ್ತೀನಿ. ಆದ್ರೆ ಶೌಕತ್ ಇರ್ಬಾರ್ದು. ಗಾಜಿನ್ ಆಚೆ ಅವನ್ ಮುಖ ಕಂಡ್ರೆ ಗಂಟ್ಲು ಹಿಡ್ಕೊಳುತ್ತೆ. ನೀನೇ ರೆಕಾರ್ಡ್ ಮಾಡು."

ನಾನೇ. ಒಬ್ಬಳೇ. ಸರ್‌ಗೆ ಹೇಳಿದೆ. ಸ್ಟುಡಿಯೋ ಕೀ ಕೊಟ್ಟರು.

ಜೂನ್ 13, ಶುಕ್ರವಾರ, ಮಧ್ಯಾಹ್ನ

ಸರ್ ನಮಾಜಿಗೆ ಹೋಗಿದ್ದಾರೆ. ಬರುವುದರೊಳಗೆ ಬರೆಯುತ್ತೇನೆ.

ಆಂಟಿ ಎಂಟಕ್ಕೇ ಬಂದರು. ಮೊದಲ ಟೇಕ್ ಒಡೆಯಿತು. ಎರಡನೆಯದು ಒಡೆಯಲಿಲ್ಲ. ಆದರೆ ಕೊನೆಯ ಸ್ವರ ಮೇಲೆ ಮುಟ್ಟದೆ ಕೂದಲೆಳೆಯಷ್ಟು ಕೆಳಗೆ ನಿಂತಿತು. ಆಂಟಿ ಹೆಡ್‌ಫೋನ್ ತೆಗೆದರು. ನೋವಿಗೆ ಕೆನ್ನೆ ಹಿಡಿದುಕೊಂಡಿದ್ದರು.

"ಆಯ್ತಲ್ಲ? ಸರಿಯಾಗಿದೆ ತಾನೇ?"

ಹೂಂ ಎನ್ನಬಹುದಿತ್ತು. ಹಬ್ಬದಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಒಳಗೆ ಕೇಳಿಸುವ ಮೈಕಿನ ಬಟನ್ ಒತ್ತಿದೆ.

"ಇಲ್ಲ ಆಂಟಿ. ಕೊನೇದು ಕೆಳಗೇ ನಿಂತಿದೆ. ಇನ್ನೊಂದು."

"ನೀನ್ ಹುಟ್ಟೋಕ್ ಮುಂಚೆಯಿಂದ ಹಾಡ್ತಿದ್ದೀನಿ ನಾನು!"

"ಹೌದಾಂಟಿ. ಇನ್ನೊಂದು."

"ಇವಳಿಗಿಂತ ಆ ಶೌಕತ್ತೇ ಮೇಲು, ಮ್ಯಾನ್!"

ಆ ಸಿಟ್ಟಿನಲ್ಲೇ ಹಾಡಿದರು. ಬಂತು. ಸೋಮವಾರದ ಹೊಳಪಿಲ್ಲ, ಸ್ವಲ್ಪ ಒರಟು. ಆದರೆ ಮೇಲೆ ಹೋಗಿ ನಿಂತಿತು, ಜಾರಲಿಲ್ಲ. ಆಂಟಿ ಕೇಳಿಸಿಕೊಂಡು ನನ್ನ ಕೆನ್ನೆ ಹಿಂಡಿ ಆಟೋ ಹತ್ತಿದರು. ಕಾಪಿ ಮಾಡಿದೆ. ಬೇರೆ ಡ್ರೈವಿಗೂ ಮಾಡಿದೆ. ಪೆನ್‌ಡ್ರೈವಿಗೂ.

ಅದೇ ದಿನ, ಸಂಜೆ

ಸರ್ ಮೂರೂ ಟೇಕ್ ಕೇಳಿದರು. ಮುಖದಲ್ಲಿ ಏನೂ ಇಲ್ಲ.

"ಎರಡನೇದು ಯಾಕ್ ಬೇಡ ಅಂದೆ?"

"ಕೊನೇಲಿ ಇಳಿದಿತ್ತು ಸರ್."

"ಹೂಂ." ಹೆಲ್ಮೆಟ್ ಕೈಗೆತ್ತಿಕೊಂಡರು. "ಸೋಮವಾರ ಮೃದಂಗದವ್ರು ಬರ್ತಾರೆ. ಮೈಕ್ ನೀನ್ ಇಡು."

ತಿರುಗಿಬಿಟ್ಟರು.

ಸೋಮವಾರ! ಅಂದರೆ ಇದ್ದೇನೆ.

ಮೃದಂಗಕ್ಕೆ ಎರಡು ಮುಖ. ಮೈಕ್ ಒಂದಾ, ಎರಡಾ? ಎಷ್ಟು ದೂರ? ಗೊತ್ತಿಲ್ಲ. ಸರ್ ಇನ್ನೂ ಗೇಟಿನ ಹತ್ತಿರವೇ ಇದ್ದಾರೆ, ಬೈಕ್ ಹಿಂದಕ್ಕೆ ತಳ್ಳುತ್ತಿದ್ದಾರೆ. ಹೋಗುವುದರೊಳಗೆ ಕೇಳಿ ಬರುತ್ತೇನೆ.